ಹಿಂದ್ ಸಬ್ರಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅರಬ್ ಸಿನಿಮಾ, ಧಾರಾವಾಹಿ ನೋಡಲು ಶುರು ಮಾಡಿದವರು ಬೇಗ ಎದುರಾಗುವ ಮುಖ ಹಿಂದ್ ಸಬ್ರಿ ಅವರದು. ಕೆಲವರು ಅವರನ್ನು ನೆಟ್‌ಫ್ಲಿಕ್ಸ್‌ನಲ್ಲಿ ಓಲಾ ಆಗಿ ನೋಡಿರುತ್ತಾರೆ. ಇನ್ನು ಕೆಲವರು ಆಸ್ಕರ್ ಪಟ್ಟಿಗೆ ಬಂದ ಒಂದು ಟ್ಯುನೀಷಿಯಾ ಸಾಕ್ಷ್ಯಚಿತ್ರದಲ್ಲಿ ನೋಡಿರುತ್ತಾರೆ. ಎರಡೂ ಒಬ್ಬರೇನಾ ಅಂತ ಕೇಳುವವರೂ ಇದ್ದಾರೆ. ಹೌದು, ಒಬ್ಬರೇ. ಅವರ ಬಗ್ಗೆ ಜನ ಮತ್ತೆ ಮತ್ತೆ ಕೇಳುವುದನ್ನೆಲ್ಲ ಇಲ್ಲಿ ಒಟ್ಟಿಗೆ ಸೇರಿಸಿದ್ದೇನೆ. ನನಗೆ ತುಂಬಾ ಇಷ್ಟವಾದ ನಟಿ. ಹಾಗಾಗಿ ಕೆಲವು ಉತ್ತರಗಳು ಉದ್ದವಾಗಿವೆ.

ಹಿಂದ್ ಸಬ್ರಿ ಎಲ್ಲಿಯವರು? ಈಜಿಪ್ಟಿನವರಲ್ವಾ?

ಹುಟ್ಟಿದ್ದು ಟ್ಯುನೀಷಿಯಾದಲ್ಲಿ. ದೇಶದ ದಕ್ಷಿಣಕ್ಕೆ, ಸಹಾರಾ ಮರುಭೂಮಿ ಶುರುವಾಗುವ ಕಡೆ ಇರುವ ಕೆಬಿಲಿ ಅನ್ನುವ ಊರಿನಲ್ಲಿ, 1979ರ ನವೆಂಬರ್ 20ರಂದು. ಮೊದಲ ಎರಡು ಸಿನಿಮಾ ಟ್ಯುನೀಷಿಯಾದವು. 2001ರಿಂದ ಈಚೆಗೆ ಹೆಚ್ಚಿನ ಕೆಲಸ ಈಜಿಪ್ಟಿನಲ್ಲಿ. ಮದುವೆಯಾಗಿದ್ದೂ ಈಜಿಪ್ಟಿನವರನ್ನೇ, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಈಜಿಪ್ಟಿನ ಪ್ರೇಕ್ಷಕರು ಅವರನ್ನು ತಮ್ಮವರೇ ಅಂದುಕೊಂಡಿದ್ದಾರೆ. ಟ್ಯುನೀಷಿಯಾದವರೂ ಬಿಟ್ಟುಕೊಟ್ಟಿಲ್ಲ.

ಸಿನಿಮಾಕ್ಕೆ ಬಂದಿದ್ದು ಹೇಗೆ?

ಶಾಲೆಗೆ ಹೋಗುವ ವಯಸ್ಸಿನಲ್ಲೇ. ಮೊದಲ ಸಿನಿಮಾ ‘ಅರಮನೆಯ ಮೌನಗಳು’, ಬಂದಿದ್ದು 1994ರಲ್ಲಿ. ನಿರ್ದೇಶಕಿ ಮುಫೀದಾ ತ್ಲಾತ್ಲಿ. ಅದಕ್ಕೂ ಮೊದಲು ತ್ಲಾತ್ಲಿ ಬೇರೆಯವರ ಸಿನಿಮಾಗಳಿಗೆ ಎಡಿಟಿಂಗ್ ಮಾಡುತ್ತಿದ್ದವರು. ತಾವೇ ನಿರ್ದೇಶಿಸಿದ ಮೊದಲ ಸಿನಿಮಾ ಇದು.

ಕಥೆ ನಡೆಯುವುದು 1950ರ ದಶಕದಲ್ಲಿ. ಟ್ಯುನೀಷಿಯಾ ಇನ್ನೂ ಫ್ರೆಂಚರ ಕೈಯಲ್ಲಿದೆ, ಸ್ವಾತಂತ್ರ್ಯದ ಹೋರಾಟ ಬೀದಿಯಲ್ಲಿದೆ. ಅರಮನೆಯ ಒಳಗೆ ಮಾತ್ರ ಹಳೆಯ ರಾಜಮನೆತನದವರ ಊಟ, ಹಾಡು, ಇಸ್ಪೀಟು ನಡೆದೇ ಇದೆ. ಕೆಳಗೆ ಅಡುಗೆಮನೆಯಲ್ಲಿ ಅವರಿಗಾಗಿ ದುಡಿಯುವ ಹೆಂಗಸರು. ಅವರಲ್ಲಿ ಒಬ್ಬಳು ಖದೀಜಾ. ಅವಳ ಮಗಳು ಆಲಿಯಾ. ತಂದೆ ಯಾರು ಅಂತ ಆ ಹುಡುಗಿಗೆ ಯಾರೂ ಹೇಳುವುದಿಲ್ಲ. ಆ ಆಲಿಯಾ ಪಾತ್ರವೇ ಹಿಂದ್ ಅವರದು.

ಈ ಪಾತ್ರದಲ್ಲಿ ಮಾತು ಬಹಳ ಕಮ್ಮಿ. ಹುಡುಗಿ ಬಾಗಿಲ ಸಂದಿಯಿಂದ, ಮೆಟ್ಟಿಲ ಮೇಲಿಂದ ನೋಡುತ್ತಾಳೆ. ತಾಯಿಗೆ ಏನಾಗುತ್ತಿದೆ ಅನ್ನುವುದು ಅವಳಿಗೆ ನಿಧಾನಕ್ಕೆ ಅರ್ಥವಾಗುತ್ತದೆ. ಅದು ನಮಗೆ ಗೊತ್ತಾಗುವುದು ಅವಳ ಮುಖದಿಂದ ಮಾತ್ರ. ನಟನೆ ಕಲಿತು ಬಂದಿರದ ಹುಡುಗಿ ಕ್ಯಾಮೆರಾ ಮುಂದೆ ಇಷ್ಟು ಹೊತ್ತು ಸುಮ್ಮನೆ ಇರುವುದು ಸುಲಭವಲ್ಲ. ಕಾನ್ ಚಿತ್ರೋತ್ಸವದಲ್ಲಿ ಮೊದಲ ಸಿನಿಮಾಗಳಿಗೆ ಕೊಡುವ ಕ್ಯಾಮೆರಾ ದೋರ್ ವಿಭಾಗದಲ್ಲಿ ಈ ಚಿತ್ರಕ್ಕೆ ವಿಶೇಷ ಮೆಚ್ಚುಗೆ ಸಿಕ್ಕಿತು. ಟ್ಯುನೀಷಿಯಾದಲ್ಲೇ ನಡೆಯುವ ಕಾರ್ಥೇಜ್ ಚಿತ್ರೋತ್ಸವದ ಅತಿ ದೊಡ್ಡ ಬಹುಮಾನ ತಾನಿತ್ ದೋರ್ ಕೂಡ ಬಂತು. ಅರಬ್ ಸಿನಿಮಾದ ಬಗ್ಗೆ ಎಲ್ಲಿ ಮಾತಾದರೂ ಈ ಚಿತ್ರದ ಹೆಸರು ಇಂದಿಗೂ ಬರುತ್ತದೆ.

2000ದಲ್ಲಿ ತ್ಲಾತ್ಲಿ ತಮ್ಮ ಎರಡನೇ ಚಿತ್ರಕ್ಕೂ ಹಿಂದ್ ಅವರನ್ನೇ ಕರೆದರು. ಹೆಸರು ‘ಗಂಡಸರ ಋತು’. ಜೆರ್ಬಾ ದ್ವೀಪದ ಗಂಡಸರು ವರ್ಷದ 11 ತಿಂಗಳು ರಾಜಧಾನಿ ಟ್ಯೂನಿಸ್‌ನಲ್ಲಿ ದುಡಿಯುತ್ತಾರೆ, ಒಂದು ತಿಂಗಳು ಮಾತ್ರ ಊರಿಗೆ ಬರುತ್ತಾರೆ. ಹೆಂಗಸರು ಅತ್ತೆಯ ಕಣ್ಣಳತೆಯಲ್ಲಿ ಕಾಯುತ್ತಾರೆ. ಕಾನ್‌ನ ‘ಅನ್ ಸರ್ಟನ್ ರಿಗಾರ್ಡ್’ ವಿಭಾಗದಲ್ಲಿ ಪ್ರದರ್ಶನವಾದ ಸಿನಿಮಾ ಅದು. ತ್ಲಾತ್ಲಿ 2021ರಲ್ಲಿ ತೀರಿಕೊಂಡರು. ಹಿಂದ್ ಅವರ ನಟನೆಯಲ್ಲಿ ಇವತ್ತಿಗೂ ಇರುವ ಆ ತಾಳ್ಮೆ ತ್ಲಾತ್ಲಿ ಅವರ ಕೈಯಲ್ಲೇ ರೂಪುಗೊಂಡಿದ್ದು ಅಂತ ನನಗೆ ಅನ್ನಿಸುತ್ತದೆ.

ಓದು ಅಲ್ಲಿಗೇ ನಿಂತಿತಾ?

ಇಲ್ಲ. ಟ್ಯೂನಿಸ್‌ನಲ್ಲಿ ಕಾನೂನು ಓದಿ 2001ರಲ್ಲಿ ಪದವಿ ಪಡೆದರು. 2004ರಲ್ಲಿ ಬೌದ್ಧಿಕ ಆಸ್ತಿ ಮತ್ತು ಕೃತಿಸ್ವಾಮ್ಯದ ವಿಷಯದಲ್ಲಿ ಸ್ನಾತಕೋತ್ತರ ಪದವಿ. ಆ ಹೊತ್ತಿಗೆ ಕೈರೋದಲ್ಲಿ ಸಾಲು ಸಾಲು ಸಿನಿಮಾ ಮಾಡುತ್ತಿದ್ದರು ಅನ್ನುವುದನ್ನು ನೆನಪಿಡಿ.

ಕೈರೋಗೆ ಯಾಕೆ ಹೋಗಬೇಕಿತ್ತು? ಟ್ಯುನೀಷಿಯಾದಲ್ಲೇ ಇರಬಹುದಿತ್ತಲ್ಲ?

ಟ್ಯುನೀಷಿಯಾದಲ್ಲಿ ಒಳ್ಳೆಯ ಸಿನಿಮಾ ಬರುತ್ತವೆ, ಆದರೆ ವರ್ಷಕ್ಕೆ ಬೆರಳೆಣಿಕೆಯಷ್ಟು. ಬಹಳಷ್ಟಕ್ಕೆ ಯುರೋಪಿನಿಂದ ಹಣ ಬರಬೇಕು. ಒಂದು ಪಾತ್ರ ಮುಗಿದರೆ ಮುಂದಿನದಕ್ಕೆ ವರ್ಷಗಟ್ಟಲೆ ಕಾಯಬೇಕು. ನಟನೆಯನ್ನೇ ನಂಬಿ ಬದುಕುವುದು ಅಲ್ಲಿ ಕಷ್ಟ.

ಈಜಿಪ್ಟಿನ ಕಥೆ ಬೇರೆ. ಅಲ್ಲಿ 1920ರ ದಶಕದಿಂದಲೂ ಕಥಾಚಿತ್ರಗಳು ತಯಾರಾಗುತ್ತಿವೆ. 1935ರಲ್ಲೇ ಸ್ಟುಡಿಯೋ ಮಿಸ್ರ್ ಬಾಗಿಲು ತೆರೆಯಿತು. ಮೊರೊಕ್ಕೋದಿಂದ ಇರಾಕ್‌ವರೆಗೆ ಜನ ನೋಡುತ್ತಾ ಬೆಳೆದಿದ್ದು ಕೈರೋದ ಸಿನಿಮಾಗಳನ್ನೇ. ಹಾಗಾಗಿ ಬೇರೆ ಅರಬ್ ದೇಶಗಳ ಹಾಡುಗಾರರು, ನಟರು ಹೆಸರು ಮಾಡಬೇಕು ಅಂದರೆ ಕೈರೋಗೆ ಹೋಗುವುದು ಬಹಳ ಹಳೆಯ ರೂಢಿ.

ಹಿಂದ್ ಅವರನ್ನು ಅಲ್ಲಿಗೆ ಕರೆತಂದವರು ನಿರ್ದೇಶಕಿ ಇನಾಸ್ ಅಲ್ ದೆಗೇದಿ. 2001ರಲ್ಲಿ ಬಂದ ಅವರ ‘ಹದಿಹರೆಯದ ಹುಡುಗಿಯ ಡೈರಿ’ ಚಿತ್ರದಲ್ಲಿ ನಾಯಕಿಯ ಪಾತ್ರ. ಹುಡುಗಿಯ ಆಸೆ, ಪ್ರೀತಿ, ಮೈ ಬಗ್ಗೆ ಮುಚ್ಚುಮರೆ ಇಲ್ಲದೆ ಮಾತಾಡಿದ ಸಿನಿಮಾ. ದೊಡ್ಡ ಗಲಾಟೆಯಾಯಿತು. ಹೊಸ ಊರಿನಲ್ಲಿ ಮೊದಲ ಸಿನಿಮಾವೇ ವಿವಾದ ಆದರೆ ಅದೇ ಥರದ ಪಾತ್ರಗಳ ಮುದ್ರೆ ಬೀಳುವ ಭಯ ಇರುತ್ತದೆ. ಅವರು ಅದರಿಂದ ಪಾರಾದರು. ಅದೇ ವರ್ಷ ದಾವೂದ್ ಅಬ್ದುಲ್ ಸಯ್ಯದ್ ಅವರ ‘ಪ್ರಜೆ, ಮಾಹಿತಿದಾರ ಮತ್ತು ಕಳ್ಳ’ ಚಿತ್ರದಲ್ಲಿ ಮನೆಗೆಲಸದವಳಾಗಿ ನಟಿಸಿದರು. ಈಜಿಪ್ಟಿನ ತೂಕದ ನಿರ್ದೇಶಕರಲ್ಲಿ ಅಬ್ದುಲ್ ಸಯ್ಯದ್ ಒಬ್ಬರು. ಅಲ್ಲಿಂದ ದಾರಿ ಸಲೀಸಾಯಿತು.

ಎಲ್ಲರೂ ಮಾತಾಡುವುದು ಅರಬ್ಬಿ ತಾನೇ? ಭಾಷೆಯ ತೊಂದರೆ ಯಾಕೆ ಬರುತ್ತದೆ?

ಬರೆಯುವ ಅರಬ್ಬಿ ಎಲ್ಲ ಕಡೆ ಸುಮಾರು ಒಂದೇ. ಆಡುವ ಅರಬ್ಬಿ ಊರಿಗೊಂದು ಥರ. ಬೀದರಿನವರು ಮೊದಲ ಸಲ ಕುಂದಾಪುರದ ಮಾತು ಕೇಳಿದಾಗ ಆಗುವ ತಬ್ಬಿಬ್ಬನ್ನು ಇನ್ನೂ ನಾಲ್ಕು ಪಟ್ಟು ಹೆಚ್ಚಿಸಿಕೊಳ್ಳಿ, ಆಗ ಅಂದಾಜು ಸಿಗುತ್ತದೆ. ಟ್ಯುನೀಷಿಯಾದ ಮಾತಿನಲ್ಲಿ ಅಮಾಝಿಗ್ (ಉತ್ತರ ಆಫ್ರಿಕಾದ ಮೂಲನಿವಾಸಿಗಳ ಭಾಷೆ), ಫ್ರೆಂಚ್, ಇಟಾಲಿಯನ್ ಪದಗಳು ಕಲಸಿಕೊಂಡಿವೆ. ವೇಗವೂ ಜಾಸ್ತಿ. ಕೈರೋದವರಿಗೆ ಅದು ಸುಲಭಕ್ಕೆ ತಿಳಿಯುವುದಿಲ್ಲ. ಕೈರೋದ ಮಾತು ಮಾತ್ರ ಸಿನಿಮಾ, ಹಾಡುಗಳ ಕಾರಣಕ್ಕೆ ಎಲ್ಲ ಅರಬ್ಬರ ಕಿವಿಗೂ ಪರಿಚಯ.

ಕಿವಿಗೆ ಪರಿಚಯ ಇರುವುದು ಬೇರೆ, ಅದರಲ್ಲಿ ನಟಿಸುವುದು ಬೇರೆ. ಬೈಯುವುದು, ಗೊಣಗುವುದು, ತರಕಾರಿ ಅಂಗಡಿಯಲ್ಲಿ ಚೌಕಾಸಿ ಮಾಡುವುದು ಎಲ್ಲ ಹುಟ್ಟಿದೂರಿನವರ ಹಾಗೆ ಬರಬೇಕು. ನಮ್ಮಲ್ಲಿ ಬೇರೆ ಭಾಷೆಯಿಂದ ಬಂದ ನಾಯಕಿಯರಿಗೆ ಬಹಳ ಸಲ ಡಬ್ಬಿಂಗ್ ಕಲಾವಿದರು ದನಿ ಕೊಡುತ್ತಾರೆ, ಅಲ್ವಾ? ಹಿಂದ್ ಅವರು ಪಾತ್ರಕ್ಕೆ ಬೇಕಾದ ಮಾತನ್ನು ತಾವೇ ಕಲಿತು ತಮ್ಮ ದನಿಯಲ್ಲೇ ಆಡಿದರು. ಅಷ್ಟಕ್ಕೇ ನಿಲ್ಲಲಿಲ್ಲ. 2007ರ ‘ಅಲ್ ಗೆಝೀರಾ’ ಅಂದರೆ ‘ದ್ವೀಪ’ ಸಿನಿಮಾ ನಡೆಯುವುದು ಈಜಿಪ್ಟಿನ ದಕ್ಷಿಣದ ಸಈದ್ ಸೀಮೆಯಲ್ಲಿ. ಅಲ್ಲಿಯ ಮಾತಿನ ಧಾಟಿಯೇ ಬೇರೆ, ಕೈರೋದವರೇ ಅದನ್ನು ಕಲಿತು ಆಡಬೇಕು. ಅದರಲ್ಲೂ ಅವರು ನಾಯಕಿ. 2014ರಲ್ಲಿ ಅದರ ಎರಡನೇ ಭಾಗದಲ್ಲೂ ಅದೇ ಪಾತ್ರಕ್ಕೆ ಮರಳಿದರು.

ಹೊರಗಿನವರು ಬಂದು ನಮ್ಮ ಅವಕಾಶ ಕಿತ್ತುಕೊಂಡರು ಅಂತ ಯಾರೂ ಅನ್ನಲಿಲ್ವಾ?

ಅಂದರು. ಒಬ್ಬರಿಗೇ ಅಂತ ಅಲ್ಲ, ಆಗ ಸಿರಿಯಾ, ಲೆಬನಾನ್, ಟ್ಯುನೀಷಿಯಾದಿಂದ ಬಹಳ ಜನ ಬಂದಿದ್ದರು. 2008ರಲ್ಲಿ ಈಜಿಪ್ಟಿನ ಕಲಾವಿದರ ಸಂಘ ಒಂದು ನಿಯಮ ಹೊರಡಿಸಿತು. ಈಜಿಪ್ಟಿನವರಲ್ಲದ ಅರಬ್ ನಟರು ವರ್ಷಕ್ಕೆ ಒಂದೇ ಒಂದು ಕೆಲಸ ಮಾಡಬೇಕು ಅಂತ. ಅರಬ್ ಪತ್ರಿಕೆಗಳಲ್ಲಿ ಭಾರೀ ಚರ್ಚೆಯಾಯಿತು. ಇಡೀ ಅರಬ್ ಲೋಕದಲ್ಲಿ ತನ್ನ ಸಿನಿಮಾ ಮಾರುವ ಊರು, ಅಲ್ಲಿಂದ ಬರುವ ಕಲಾವಿದರಿಗೆ ಬಾಗಿಲು ಹಾಕುವುದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಹಾಗಂತ ಕೆಲಸವಿಲ್ಲದೆ ಕೂತ ಸ್ಥಳೀಯ ನಟರ ಸಂಕಟವೂ ಸುಳ್ಳಲ್ಲ. ಹಿಂದ್ ಅವರಂತೂ ಅಲ್ಲೇ ಉಳಿದರು, ಬೆಳೆದರು.

ಅವರು ಯಾವ ಥರದ ಪಾತ್ರ ಮಾಡುತ್ತಾರೆ?

ಇದು ನನಗೆ ಬಹಳ ಇಷ್ಟದ ಪ್ರಶ್ನೆ. ಅವರ ಸಿನಿಮಾ, ಧಾರಾವಾಹಿಗಳನ್ನು ಸಾಲಾಗಿ ನೋಡುತ್ತಾ ಹೋದರೆ ಒಂದು ವಿಷಯ ಎದ್ದು ಕಾಣುತ್ತದೆ. ಅವರ ಹೆಂಗಸರು ದುಡಿಯುವವರು. ಪ್ರೀತಿ, ಮದುವೆ, ಮಕ್ಕಳು ಎಲ್ಲ ಇರುತ್ತದೆ. ಅದರ ಜೊತೆಗೆ ಬೆಳಿಗ್ಗೆ ಎದ್ದು ಹೋಗಬೇಕಾದ ಒಂದು ಕೆಲಸವೂ ಇರುತ್ತದೆ. ಸಂಬಳ ಸಾಲುವುದಿಲ್ಲ, ಮೇಲಿನವರ ಕಾಟ ಇರುತ್ತದೆ. ಕಥೆ ತಿರುಗುವುದು ಬಹಳ ಸಲ ಅಲ್ಲಿಂದಲೇ.

2005ರ ‘ಬನಾತ್ ವಸ್ತ್ ಅಲ್ ಬಲದ್’ ನೋಡಿ. ನಿರ್ದೇಶಕ ಮುಹಮ್ಮದ್ ಖಾನ್. ಕೈರೋದ ನಡುಪೇಟೆಯಲ್ಲಿ ಕೆಲಸ ಮಾಡುವ ಇಬ್ಬರು ಗೆಳತಿಯರು. ಒಬ್ಬಳು ಬ್ಯೂಟಿ ಪಾರ್ಲರಿನಲ್ಲಿ, ಒಬ್ಬಳು ಬಟ್ಟೆ ಅಂಗಡಿಯಲ್ಲಿ. ಮೆಟ್ರೋದಲ್ಲಿ ಬರುತ್ತಾರೆ, ಹೋಗುತ್ತಾರೆ. ಹಿಂದ್ ಜೊತೆ ಮೆನ್ನಾ ಶಲಬಿ ಇದ್ದಾರೆ. ದೊಡ್ಡ ಘಟನೆ ಏನೂ ನಡೆಯುವುದಿಲ್ಲ. ಆದರೂ ಬೆಂಗಳೂರಿನ ಚಿಕ್ಕಪೇಟೆಯಲ್ಲೋ ಮೆಜೆಸ್ಟಿಕ್‌ನಲ್ಲೋ ಅಂಗಡಿ ಕೆಲಸ ಮುಗಿಸಿ ಬಸ್ ಹಿಡಿಯುವ ಹುಡುಗಿಯರನ್ನು ದಿನಾ ನೋಡಿದವರಿಗೆ ಈ ಸಿನಿಮಾ ತಕ್ಷಣ ಹತ್ತಿರವಾಗುತ್ತದೆ.

ಅದಕ್ಕೂ ಹಿಂದಿನ ವರ್ಷ, 2004ರಲ್ಲಿ ಬಂದ ‘ಅಹ್ಲಾ ಅಲ್ ಔಕಾತ್’ ಕೂಡ ಗೆಳತಿಯರ ಕಥೆಯೇ. ಹಾಲಾ ಖಲೀಲ್ ಅವರ ಮೊದಲ ಸಿನಿಮಾ. ಹಿಂದ್, ಮೆನ್ನಾ ಶಲಬಿ, ಹನಾನ್ ತುರ್ಕ್ ಮೂವರೂ ಸೇರಿ, ಹೆಸರಿಲ್ಲದ ಪತ್ರಗಳನ್ನು ಯಾರು ಕಳಿಸುತ್ತಿದ್ದಾರೆ ಅಂತ ಹುಡುಕುತ್ತಾರೆ. ಆ ಹುಡುಕಾಟದಲ್ಲಿ ಹಳೆಯ ಸ್ನೇಹ ಮತ್ತೆ ಚಿಗುರುತ್ತದೆ. 2008ರಲ್ಲಿ ಯುಸ್ರಿ ನಸ್ರಲ್ಲಾ ಅವರ ‘ಮೀನುಗಳ ತೋಟ’ದಲ್ಲಿ ರಾತ್ರಿ ಹೊತ್ತಿನ ರೇಡಿಯೋ ಕಾರ್ಯಕ್ರಮ ನಡೆಸುವವಳು. ಊರವರೆಲ್ಲ ಅವಳಿಗೆ ತಮ್ಮ ಗುಟ್ಟು ಹೇಳಿಕೊಳ್ಳುತ್ತಾರೆ. ಅವಳು ಯಾರಿಗೂ ಏನೂ ಹೇಳುವುದಿಲ್ಲ. 2012ರ ‘ವರ್ಟಿಗೋ’ ಧಾರಾವಾಹಿಯಲ್ಲಿ ಫೋಟೋಗ್ರಾಫರ್. ಅಹ್ಮದ್ ಮುರಾದ್ ಅವರ ಮೂಲ ಕಾದಂಬರಿಯಲ್ಲಿ ಈ ಪಾತ್ರ ಗಂಡಸಿನದು. ಹಿಂದ್ ಅವರಿಗಾಗಿ ಅದನ್ನು ಹೆಣ್ಣಿನ ಪಾತ್ರವಾಗಿ ಬದಲಿಸಿದರು.

‘ಯಾಕೂಬಿಯಾನ್ ಕಟ್ಟಡ’ದಲ್ಲಿ ಇದ್ದಾರಾ?

ಇದ್ದಾರೆ. ಅಲಾ ಅಲ್ ಅಸ್ವಾನಿ ಅವರ ಹೆಸರಾಂತ ಕಾದಂಬರಿ ಆಧರಿಸಿ ಮರ್ವಾನ್ ಹಾಮಿದ್ 2006ರಲ್ಲಿ ಮಾಡಿದ ಸಿನಿಮಾ. ಆದಿಲ್ ಇಮಾಮ್, ನೂರ್ ಅಲ್ ಶರೀಫ್, ಯುಸ್ರಾ ಥರದ ದೊಡ್ಡ ದೊಡ್ಡ ಹೆಸರುಗಳು ಅದರಲ್ಲಿವೆ. ಆ ಹೊತ್ತಿಗೆ ಈಜಿಪ್ಟಿನಲ್ಲಿ ಅತಿ ಹೆಚ್ಚು ಖರ್ಚಿನಲ್ಲಿ ತಯಾರಾದ ಚಿತ್ರ ಅದು.

ಕೈರೋದ ನಡುಪೇಟೆಯ ಹಳೆಯ ಭವ್ಯ ಕಟ್ಟಡ. ಒಳಗೆ ಸಿರಿವಂತರು, ಮಹಡಿಯ ಮೇಲಿನ ತಗಡಿನ ಕೋಣೆಗಳಲ್ಲಿ ಬಡವರು. ಹಿಂದ್ ಅವರ ಬುಸೈನಾ ಆ ಮಹಡಿಯ ಹುಡುಗಿ. ಅಪ್ಪ ಇಲ್ಲ, ಮನೆ ನಡೆಯಬೇಕು. ಕೆಲಸಕ್ಕೆ ಹೋದಲ್ಲಿ ಮಾಲೀಕ ಮೈಮುಟ್ಟುತ್ತಾನೆ. ಅಮ್ಮನಿಗೆ ಹೇಳಿದರೆ ಹುಷಾರಾಗಿದ್ದುಕೊಂಡು ಕೆಲಸ ಉಳಿಸಿಕೋ ಅನ್ನುತ್ತಾಳೆ. ಪ್ರೀತಿಸಿದ ಹುಡುಗ ಪೊಲೀಸ್ ಕೆಲಸ ಸಿಗದೆ, ಅವಮಾನಗೊಂಡು, ಕೊನೆಗೆ ಉಗ್ರರ ಜೊತೆ ಸೇರುತ್ತಾನೆ. ಅಷ್ಟು ಜನ ದಿಗ್ಗಜರ ನಡುವೆ ನನಗೆ ಹೆಚ್ಚು ಕಾಡಿದ್ದು ಇವರೇ. ಹಣಕ್ಕಾಗಿ ಒಪ್ಪಿಕೊಳ್ಳುವಾಗಿನ ಅಸಹ್ಯ, ಆಮೇಲೆ ಆ ಅಸಹ್ಯವೂ ಇಲ್ಲವಾಗುವುದು, ಎರಡನ್ನೂ ಅವರು ತೋರಿಸಿದ್ದಾರೆ.

ಜನಪ್ರಿಯ ಸಿನಿಮಾ ಮಾಡುವುದಿಲ್ವಾ?

ಧಾರಾಳವಾಗಿ ಮಾಡುತ್ತಾರೆ. ನಿರ್ದೇಶಕರಾದ ಶರೀಫ್ ಅರಫಾ, ಮರ್ವಾನ್ ಹಾಮಿದ್ ಇಬ್ಬರೂ ಅವರನ್ನು ಪದೇ ಪದೇ ಹಾಕಿಕೊಂಡಿದ್ದಾರೆ. ‘ಅಲ್ ಕನ್ಝ್’ ಚಿತ್ರದಲ್ಲಿ ಪ್ರಾಚೀನ ಈಜಿಪ್ಟಿನ ರಾಣಿ ಹತ್‌ಶೆಪ್ಸುತ್ ಆದರು. 2022ರ ‘ಕೀರಾ ವ ಅಲ್ ಜಿನ್’ನಲ್ಲಿ ಬ್ರಿಟಿಷರ ವಿರುದ್ಧ 1919ರಲ್ಲಿ ಎದ್ದ ಈಜಿಪ್ಟಿನ ದಂಗೆಯ ಹೋರಾಟಗಾರ್ತಿ.

2019ನೇ ವರ್ಷವನ್ನೇ ತೆಗೆದುಕೊಳ್ಳಿ. ‘ಅಲ್ ಮಮರ್’ ಅನ್ನುವ ಯುದ್ಧದ ಸಿನಿಮಾ. ‘ನೀಲಿ ಆನೆ’ ಎರಡನೇ ಭಾಗ, ಅದರಲ್ಲಿ ಮಾನಸಿಕ ಆಸ್ಪತ್ರೆಯಲ್ಲಿ ಇರಿಸಿದ ಭಯ ಹುಟ್ಟಿಸುವ ಹೆಂಗಸು. ಗಳಿಕೆಯಲ್ಲಿ ಅದು ಆಗಿನ ದಾಖಲೆಗಳನ್ನು ಮುರಿಯಿತು. ‘ಅಲ್ ಕನ್ಝ್’ ಎರಡನೇ ಭಾಗ. ಇವು ಸಾಲದು ಅಂತ ಟ್ಯುನೀಷಿಯಾದಲ್ಲಿ ಸಣ್ಣ ಬಜೆಟ್ಟಿನ ‘ನೂರಾಳ ಕನಸು’. ಇವೆಲ್ಲ ಒಂದೇ ವರ್ಷ ತೆರೆಗೆ ಬಂದವು.

ಟಿವಿಯಲ್ಲಿ ಹೆಸರು ತಂದಿದ್ದು ಯಾವುದು?

‘ಆಯ್ಝಾ ಅತ್‌ಗವ್ವಿಝ್’. ನಮ್ಮ ಮಾತಲ್ಲಿ ‘ನನಗೆ ಮದುವೆ ಆಗಬೇಕು’. 2010ರ ರಂಜಾನ್ ತಿಂಗಳ ಧಾರಾವಾಹಿ.

ಅರಬ್ ಟಿವಿಯಲ್ಲಿ ರಂಜಾನ್ ಅಂದರೆ ವರ್ಷದ ಅತಿ ದೊಡ್ಡ ಹಂಗಾಮು. ಸಂಜೆ ಉಪವಾಸ ಬಿಟ್ಟ ಮೇಲೆ ಮನೆಮಂದಿಯೆಲ್ಲ ಟಿವಿ ಮುಂದೆ ಕೂರುತ್ತಾರೆ. ದಿನಕ್ಕೊಂದು ಕಂತು, ತಿಂಗಳಿಗೆ ಸುಮಾರು 30. ದೊಡ್ಡ ತಾರೆಯರು, ದೊಡ್ಡ ಜಾಹೀರಾತುದಾರರು ಎಲ್ಲರ ಕಣ್ಣೂ ಆ ಒಂದು ತಿಂಗಳ ಮೇಲೆ. ಹಿಂದ್ ಅವರ ಈ ಧಾರಾವಾಹಿ ಗೆದ್ದಿದ್ದು ಆ ಪೈಪೋಟಿಯ ನಡುವೆ.

ಇದರ ಬೇರು ಒಂದು ಬ್ಲಾಗ್. ಗಾದಾ ಅಬ್ದುಲ್ ಆಲ್ ಈಜಿಪ್ಟಿನ ಮಹಲ್ಲಾ ಅಲ್ ಕುಬ್ರಾ ಊರಿನ ಫಾರ್ಮಸಿಸ್ಟ್. ತಮ್ಮನ್ನು ನೋಡಲು ಬಂದ ಗಂಡುಗಳ ಬಗ್ಗೆ 2006ರಲ್ಲಿ ಬ್ಲಾಗ್ ಬರೆಯತೊಡಗಿದರು. 2008ರಲ್ಲಿ ಅದು ಪುಸ್ತಕವಾಯಿತು, ಬಿಸಿ ಬಿಸಿಯಾಗಿ ಮಾರಾಟವಾಯಿತು. ಆಮೇಲೆ ಅವರೇ ಚಿತ್ರಕಥೆ ಬರೆದರು.

ಧಾರಾವಾಹಿಯ ಓಲಾ ಕೂಡ ಫಾರ್ಮಸಿಸ್ಟ್. ವಯಸ್ಸು 30ರ ಹತ್ತಿರ. ಒಬ್ಬರಾದ ಮೇಲೆ ಒಬ್ಬರು ಹೆಣ್ಣು ನೋಡಲು ಬರುತ್ತಾರೆ. ಒಬ್ಬೊಬ್ಬರದೂ ಒಂದೊಂದು ಎಡವಟ್ಟು. ಅಮ್ಮನಿಗೆ ಚಿಂತೆ, ನೆಂಟರಿಗೆ ಕುತೂಹಲ. ಓಲಾ ಮಧ್ಯೆ ಮಧ್ಯೆ ನಮ್ಮ ಕಡೆ ತಿರುಗಿ ಮಾತಾಡುತ್ತಾಳೆ. ಹೆಣ್ಣು ನೋಡುವ ಶಾಸ್ತ್ರ, ಉಪ್ಪಿಟ್ಟು ಕಾಫಿ, ಪಕ್ಕದ ಮನೆಯವರ ವಿಚಾರಣೆ ಎಲ್ಲ ಗೊತ್ತಿರುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದುವರೆಗೆ ಗಂಭೀರ ನಟಿ ಅಂತಿದ್ದ ಹಿಂದ್ ಇಲ್ಲಿ ಬಿದ್ದು ಎದ್ದು, ಕಿರುಚಿ, ಮುಖ ಸೊಟ್ಟ ಮಾಡಿ ನಗಿಸಿದರು. ಕೆಲವರಿಗೆ ಅದು ಅತಿಯಾಯಿತು ಅನ್ನಿಸಿತು. ನನಗೆ ಆ ಅತಿ ಬೇಕಿತ್ತು. ಮದುವೆಯಾಗು ಅನ್ನುವ ಒತ್ತಡ ಹುಡುಗಿಯೊಬ್ಬಳನ್ನು ಎಷ್ಟು ಹೈರಾಣು ಮಾಡುತ್ತದೆ ಅಂತ ಮೆಲ್ಲಗೆ ಹೇಳಿದರೆ ಯಾರು ಕೇಳುತ್ತಾರೆ?

ನೆಟ್‌ಫ್ಲಿಕ್ಸ್‌ನ ‘ಫೈಂಡಿಂಗ್ ಓಲಾ’ ಅದೇ ಕಥೆಯ ಮುಂದುವರಿಕೆಯಾ? ಮೊದಲಿನದು ನೋಡದೆ ನೋಡಬಹುದಾ?

ಅದೇ ಓಲಾ, 12 ವರ್ಷಗಳ ನಂತರ. 2022ರ ಫೆಬ್ರುವರಿಯಲ್ಲಿ ಬಂತು. ಮೊದಲಿನದು ನೋಡದೆಯೂ ನೋಡಬಹುದು.

ಅಷ್ಟೆಲ್ಲ ಒದ್ದಾಡಿ ಮದುವೆಯಾದ ಓಲಾಗೆ ಈಗ ಇಬ್ಬರು ಮಕ್ಕಳು. ಒಂದು ದಿನ ಗಂಡ ವಿಚ್ಛೇದನ ಬೇಕು ಅನ್ನುತ್ತಾನೆ. ಅವಳು ಮತ್ತೆ ಮೊದಲಿಂದ ಶುರು ಮಾಡಬೇಕು. ತನ್ನ ಓದನ್ನು ಬಳಸಿಕೊಂಡು ಸೌಂದರ್ಯವರ್ಧಕಗಳ ಸ್ವಂತ ವ್ಯಾಪಾರಕ್ಕೆ ಇಳಿಯುತ್ತಾಳೆ. ಅಮ್ಮನ ಪಾತ್ರದಲ್ಲಿ ಸೌಸನ್ ಬದ್ರ್ ಇದ್ದಾರೆ. ಅವರಿಬ್ಬರ ಜಗಳಗಳನ್ನು ನೋಡುವುದಕ್ಕಾದರೂ ಈ ಸರಣಿ ನೋಡಬೇಕು.

ಇದರಲ್ಲಿ ಹಿಂದ್ ನಟಿ ಮಾತ್ರ ಅಲ್ಲ, ಕಾರ್ಯನಿರ್ವಾಹಕ ನಿರ್ಮಾಪಕಿಯೂ ಹೌದು. 30ರ ವಯಸ್ಸಲ್ಲಿ ಮಾಡಿದ ಪಾತ್ರವನ್ನು 40 ದಾಟಿದ ಮೇಲೆ ಮತ್ತೆ ಕೈಗೆತ್ತಿಕೊಂಡು, ಮದುವೆಯಲ್ಲಿ ಕಥೆ ಮುಗಿಯುವುದಿಲ್ಲ ಅಂತ ತೋರಿಸುವ ಅವಕಾಶ ನಟಿಯರಿಗೆ ಸಿಗುವುದು ಅಪರೂಪ. ಎರಡನೇ ಸೀಸನ್ 2024ರಲ್ಲಿ ಬಂತು. ಹಳೆಯ ಧಾರಾವಾಹಿಗೆ ಹೋಲಿಸಿದರೆ ಇಲ್ಲಿ ಮನೆ, ಬಟ್ಟೆ, ಬೀದಿ ಎಲ್ಲ ಸ್ವಲ್ಪ ಜಾಸ್ತಿಯೇ ಚಂದ ಇವೆ. ಮಧ್ಯಮ ವರ್ಗದ ಆ ಇಕ್ಕಟ್ಟು ಮನೆ ನನಗೆ ಹೆಚ್ಚು ಇಷ್ಟವಾಗಿತ್ತು.

ಬೇರೆ ಧಾರಾವಾಹಿಗಳು?

2014ರ ‘ಇಂಬ್ರಾತೋರಿಯ್ಯತ್ ಮೀನ್’ ಗಾದಾ ಅಬ್ದುಲ್ ಆಲ್ ಬರೆದದ್ದೇ. ಈಜಿಪ್ಟಿನ 2011ರ ಕ್ರಾಂತಿಯ ನಂತರ ಲಂಡನ್‌ನಿಂದ ಈಜಿಪ್ಟಿಗೆ ಮರಳುವ ಕುಟುಂಬದ ಕಥೆ. 2017ರ ‘ಹಲಾವತ್ ಅಲ್ ದುನ್ಯಾ’ದಲ್ಲಿ ಕ್ಯಾನ್ಸರ್ ಬಂದ ಹೆಣ್ಣುಮಗಳು. 2021ರ ‘ಹಗ್ಮಾ ಮುರ್ತದ್ದಾ’ ಗೂಢಚರ್ಯೆಯ ಕಥೆ, ಜೊತೆಗೆ ಅಹ್ಮದ್ ಇಝ್. ಮೂರರಲ್ಲಿ ಒಂದನ್ನೇ ಆರಿಸು ಅಂದರೆ ನಾನು ‘ಹಲಾವತ್ ಅಲ್ ದುನ್ಯಾ’ ಅನ್ನುತ್ತೇನೆ.

‘ಅಸ್ಮಾ’ ಸಿನಿಮಾ ಬಗ್ಗೆ ಅಷ್ಟೊಂದು ಮಾತು ಯಾಕೆ?

ಎಚ್‌ಐವಿ ಇರುವ ಹೆಣ್ಣನ್ನು ಗೌರವದಿಂದ ತೋರಿಸಿದ ಅರಬ್ ಸಿನಿಮಾಗಳು ಅದಕ್ಕೂ ಮೊದಲು ಇರಲಿಲ್ಲ ಅನ್ನುವಷ್ಟು ಕಮ್ಮಿ. ಅಮ್ರ್ ಸಲಾಮಾ ನಿರ್ದೇಶಿಸಿದ ‘ಅಸ್ಮಾ’ 2011ರಲ್ಲಿ ಬಂತು. ನಿಜ ಜೀವನದಿಂದ ಪ್ರೇರಣೆ ಪಡೆದ ಕಥೆ. ಅಸ್ಮಾಗೆ ಪಿತ್ತಕೋಶದ ಆಪರೇಷನ್ ಆಗಬೇಕು. ಎಚ್‌ಐವಿ ಇದೆ ಅಂತ ಗೊತ್ತಾದ ಕೂಡಲೇ ವೈದ್ಯರು ಹಿಂದೆ ಸರಿಯುತ್ತಾರೆ. ಟಿವಿ ಕಾರ್ಯಕ್ರಮವೊಂದು ಅವಳ ಕಥೆ ಹೇಳಲು ಮುಂದೆ ಬರುತ್ತದೆ. ಮುಖ ತೋರಿಸುವುದಾ ಬೇಡವಾ ಅನ್ನುವುದು ಅವಳ ಮುಂದಿನ ಪ್ರಶ್ನೆ. ರೋಗ ಹೇಗೆ ಬಂತು ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಹೇಳಬೇಕಾದ ಅಗತ್ಯ ತನಗಿಲ್ಲ ಅಂತ ಅಸ್ಮಾ ಗಟ್ಟಿಯಾಗಿ ನಿಲ್ಲುತ್ತಾಳೆ. ಸಿನಿಮಾದ ಜೀವ ಇರುವುದು ಆ ನಿಲುವಿನಲ್ಲಿ. ತಮ್ಮ ವಯಸ್ಸಿಗಿಂತ ದೊಡ್ಡವಳಾಗಿ, ಯಾವ ಬೆಡಗೂ ಇಲ್ಲದೆ ಹಿಂದ್ ಕಾಣಿಸಿಕೊಂಡರು. ಮಾಜಿದ್ ಅಲ್ ಕಿದ್ವಾನಿ ಟಿವಿ ನಿರೂಪಕನಾಗಿ ಅಷ್ಟೇ ಚೆನ್ನಾಗಿ ಮಾಡಿದ್ದಾರೆ.

ಟ್ಯುನೀಷಿಯಾ ಸಿನಿಮಾ ಪೂರ್ತಿ ಬಿಟ್ಟುಬಿಟ್ಟರಾ?

ಬಿಡಲಿಲ್ಲ. ಅವರ ಅತ್ಯುತ್ತಮ ಕೆಲಸ ನಡೆದಿರುವುದೂ ಅಲ್ಲಿಯೇ ಅಂತ ನನ್ನ ನಂಬಿಕೆ. 2016ರಲ್ಲಿ ರಿಧಾ ಬೆಹಿ ಅವರ ‘ಅಲೆಪ್ಪೋದ ಹೂವು’ ಮಾಡಿದರು. ಆಂಬುಲೆನ್ಸ್‌ನಲ್ಲಿ ಕೆಲಸ ಮಾಡುವ ತಾಯಿ, ಉಗ್ರರ ಮಾತು ನಂಬಿ ಸಿರಿಯಾಗೆ ಹೋದ ಮಗನನ್ನು ಹುಡುಕಿಕೊಂಡು ತಾನೂ ಹೊರಡುತ್ತಾಳೆ. ಆ ವರ್ಷ ಟ್ಯುನೀಷಿಯಾದಿಂದ ಆಸ್ಕರ್‌ಗೆ ಕಳಿಸಿದ ಸಿನಿಮಾ ಅದು.

ಆಮೇಲೆ ಬಂದಿದ್ದು ಹಿಂದಾ ಬೂಜೆಮಾ ಅವರ ‘ನೂರಾಳ ಕನಸು’. ನೂರಾ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಾಳೆ. ಮೂರು ಮಕ್ಕಳು. ಗಂಡ ಕಳ್ಳತನ ಮಾಡಿ ಜೈಲಿನಲ್ಲಿದ್ದಾನೆ. ಅವಳಿಗೆ ಬೇರೊಬ್ಬನ ಮೇಲೆ ಪ್ರೀತಿಯಾಗಿದೆ. ವಿಚ್ಛೇದನಕ್ಕೆ ಅರ್ಜಿ ಹಾಕಿದ್ದಾಳೆ, ಇನ್ನು ಕೆಲವೇ ದಿನ. ಅಷ್ಟರಲ್ಲಿ ಗಂಡ ಅವಧಿಗೆ ಮೊದಲೇ ಬಿಡುಗಡೆಯಾಗಿ ಮನೆಗೆ ಬರುತ್ತಾನೆ. ಟ್ಯುನೀಷಿಯಾದ ಕಾನೂನಿನಲ್ಲಿ ವಿವಾಹೇತರ ಸಂಬಂಧಕ್ಕೆ 5 ವರ್ಷದವರೆಗೆ ಜೈಲು ಇದೆ. ಅರಬ್ ದೇಶಗಳಲ್ಲಿ ಹೆಣ್ಣುಮಕ್ಕಳ ಹಕ್ಕಿನ ವಿಷಯದಲ್ಲಿ ಮುಂದಿದೆ ಅಂತ ಹೆಸರಾದ ದೇಶದ ಕಾನೂನು ಇದು. ಮೂವರಿಗೂ ಅದು ಗೊತ್ತು. ಪೊಲೀಸ್ ಠಾಣೆಯ ದೃಶ್ಯದಲ್ಲಿ ಮೂವರೂ ಒಂದೇ ಕೋಣೆಯಲ್ಲಿ ನಿಂತಾಗ ಉಸಿರು ಬಿಗಿಹಿಡಿದು ನೋಡಬೇಕಾಗುತ್ತದೆ.

ಇಷ್ಟು ವರ್ಷ ಕೈರೋದ ಮಾತಾಡಿದವರು ಇಲ್ಲಿ ಟ್ಯೂನಿಸ್‌ನ ಬಡ ಬೀದಿಯ ಒರಟು ಮಾತಾಡುತ್ತಾರೆ. ತಾರೆಯ ನೆರಳೂ ಕಾಣುವುದಿಲ್ಲ. 2019ರಲ್ಲಿ ಈಜಿಪ್ಟಿನ ಎಲ್ ಗೂನಾ ಮತ್ತು ಕಾರ್ಥೇಜ್, ಎರಡೂ ಚಿತ್ರೋತ್ಸವಗಳಲ್ಲಿ ಅವರಿಗೆ ಶ್ರೇಷ್ಠ ನಟಿ ಪ್ರಶಸ್ತಿ ಬಂತು. ಕಾರ್ಥೇಜ್‌ನಲ್ಲಿ ಚಿತ್ರಕ್ಕೂ ತಾನಿತ್ ದೋರ್ ಸಿಕ್ಕಿತು.

‘ನಾಲ್ವರು ಹೆಣ್ಣುಮಕ್ಕಳು’ ಸಾಕ್ಷ್ಯಚಿತ್ರ ಅಲ್ವಾ? ಅದರಲ್ಲಿ ನಟಿಗೆ ಏನು ಕೆಲಸ?

ಸಾಕ್ಷ್ಯಚಿತ್ರವೇ. ನಿರ್ದೇಶಕಿ ಕೌಥರ್ ಬೆನ್ ಹನಿಯಾ. ಓಲ್ಫಾ ಅನ್ನುವ ಟ್ಯುನೀಷಿಯಾದ ತಾಯಿಗೆ ನಾಲ್ವರು ಹೆಣ್ಣುಮಕ್ಕಳು. ದೊಡ್ಡವರಿಬ್ಬರು ಉಗ್ರರ ಜೊತೆ ಸೇರಲು ಲಿಬಿಯಾಗೆ ಹೋದರು, ಅಲ್ಲೇ ಜೈಲು ಸೇರಿದರು. ಉಳಿದ ಇಬ್ಬರು ತಾಯಿಯ ಜೊತೆಗಿದ್ದಾರೆ. ನಡೆದದ್ದನ್ನು ಮತ್ತೆ ನಟಿಸಿ ನೋಡುವ ಮೂಲಕ ಚಿತ್ರ ಸಾಗುತ್ತದೆ. ದೂರವಾದ ಇಬ್ಬರ ಜಾಗದಲ್ಲಿ ನಟಿಯರು ಬರುತ್ತಾರೆ. ಕಥೆಯ ಎಲ್ಲ ಗಂಡಸರ ಪಾತ್ರವನ್ನೂ ಒಬ್ಬನೇ ನಟ ಮಾಡುತ್ತಾನೆ. ಓಲ್ಫಾಗೆ ತಾವೇ ಎದುರಿಸಲು ತೀರಾ ಕಷ್ಟವಾಗುವ ದೃಶ್ಯಗಳಲ್ಲಿ ಓಲ್ಫಾ ಆಗುವುದು ಹಿಂದ್.

ನಿಜವಾದ ವ್ಯಕ್ತಿ ಎದುರಿಗೇ ಇರುವಾಗ ಅವರ ಪಾತ್ರ ಮಾಡುವುದು ಹೇಗಿರಬಹುದು ಯೋಚಿಸಿ. ಇಬ್ಬರೂ ಒಂದೇ ಥರದ ಉಡುಪಿನಲ್ಲಿ ಅಕ್ಕಪಕ್ಕ ಇರುತ್ತಾರೆ. ಓಲ್ಫಾ ವಿವರಿಸುತ್ತಾರೆ, ತಿದ್ದುತ್ತಾರೆ, ನಗುತ್ತಾರೆ. ಆದರೆ ಓಲ್ಫಾ ಹೇಳಿದ್ದನ್ನೆಲ್ಲ ಹಿಂದ್ ಹಾಗೇ ಒಪ್ಪಿಕೊಳ್ಳುವುದಿಲ್ಲ. ಮಕ್ಕಳನ್ನು ಹೊಡೆದದ್ದು, ಅವರ ಮೈಯನ್ನು ಕಾಯುವ ಹೆಸರಲ್ಲಿ ಹಿಂಸೆ ಕೊಟ್ಟದ್ದು ಯಾಕೆ ಅಂತ ಕೇಳುತ್ತಾರೆ. ತನ್ನ ಅಮ್ಮ ತನಗೆ ಮಾಡಿದ್ದನ್ನೇ ತಾನು ಮಕ್ಕಳಿಗೆ ಮಾಡಿದೆ ಅನ್ನುವ ಸತ್ಯ ಹೀಗೆ ಮಾತಾಡುತ್ತಾ ಹೊರಬರುತ್ತದೆ. ನಟನೆ, ಸಂದರ್ಶನ, ಜಗಳ ಮೂರೂ ಬೆರೆತ ಇಂಥ ಕೆಲಸವನ್ನು ನಾನು ಬೇರೆ ಕಡೆ ನೋಡಿಲ್ಲ. ಆ ಮನೆಯ ಚಿಕ್ಕ ಹೆಣ್ಣುಮಕ್ಕಳಿಬ್ಬರೂ ಚಿತ್ರದಲ್ಲಿದ್ದಾರೆ. ಅವರ ಧೈರ್ಯದ ಮುಂದೆ ವೃತ್ತಿನಟರೂ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಾರೆ. ಹಾಗೆ ಹಿಂದೆ ನಿಲ್ಲಲು ಹಿಂದ್ ಅವರಿಗೆ ಗೊತ್ತಿರುವುದೇ ಅವರ ದೊಡ್ಡಗುಣ.

2023ರಲ್ಲಿ ಕಾನ್‌ನ ಮುಖ್ಯ ಸ್ಪರ್ಧೆಗೆ ಆಯ್ಕೆಯಾದ ಚಿತ್ರ, ಅಲ್ಲಿ ಸಾಕ್ಷ್ಯಚಿತ್ರಗಳಿಗೆ ಕೊಡುವ ‘ಚಿನ್ನದ ಕಣ್ಣು’ ಪ್ರಶಸ್ತಿಯನ್ನು ಇನ್ನೊಂದು ಚಿತ್ರದ ಜೊತೆ ಹಂಚಿಕೊಂಡಿತು. ಮುಂದಿನ ವರ್ಷ ಆಸ್ಕರ್‌ನ ಸಾಕ್ಷ್ಯಚಿತ್ರ ವಿಭಾಗಕ್ಕೆ ನಾಮನಿರ್ದೇಶನವೂ ಆಯಿತು.

ಚಿತ್ರೋತ್ಸವಗಳ ತೀರ್ಪುಗಾರರಾಗಿ ಕೆಲಸ ಮಾಡಿದ್ದಾರಾ?

ಮಾಡಿದ್ದಾರೆ. 2019ರ ವೆನಿಸ್ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರ ಮೊದಲ ಸಿನಿಮಾಗಳಿಗೆ ಬಹುಮಾನ ಆರಿಸುವ ಮಂಡಳಿಯಲ್ಲಿ ಇದ್ದರು. ಅಧ್ಯಕ್ಷರು ಎಮಿರ್ ಕುಸ್ತುರಿತ್ಸಾ.

ವಿಶ್ವಸಂಸ್ಥೆಯ ಕೆಲಸ ಬಿಟ್ಟಿದ್ದು ಯಾಕೆ?

2010ರಿಂದ ಅವರು ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದ ರಾಯಭಾರಿಯಾಗಿದ್ದರು. ಹಸಿವಿನ ವಿರುದ್ಧ ಜನರಲ್ಲಿ ಅರಿವು ಮೂಡಿಸುವುದು ಆ ಕೆಲಸ. ಆ ಸಂಸ್ಥೆಗೆ 2020ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. 2023ರ ನವೆಂಬರ್‌ನಲ್ಲಿ ಹಿಂದ್ ರಾಜೀನಾಮೆ ಕೊಟ್ಟರು. ಗಾಜಾದ 20 ಲಕ್ಷಕ್ಕೂ ಹೆಚ್ಚು ಜನರ ಮೇಲೆ ಹಸಿವನ್ನೇ ಯುದ್ಧದ ಅಸ್ತ್ರವಾಗಿ ಬಳಸಲಾಗುತ್ತಿದೆ, ಅದನ್ನು ತಡೆಯಲು ಸಂಸ್ಥೆ ತನ್ನ ಪ್ರಭಾವ ಬಳಸಬೇಕು ಅಂತ ತಾವು ಎತ್ತಿದ ದನಿ ಮುಟ್ಟಲಿಲ್ಲ ಅನ್ನುವುದು ಅವರು ಕೊಟ್ಟ ಕಾರಣ. ಹಸಿವನ್ನು ಯುದ್ಧದ ಅಸ್ತ್ರವಾಗಿ ಬಳಸುವುದನ್ನು ಭದ್ರತಾ ಮಂಡಳಿ 2018ರಲ್ಲೇ 2417ನೇ ನಿರ್ಣಯದಲ್ಲಿ ಖಂಡಿಸಿದೆ. 13 ವರ್ಷ ಪ್ರೀತಿಯಿಂದ ಮಾಡಿದ ಕೆಲಸ ಬಿಡುವುದು ಹಗುರದ ತೀರ್ಮಾನ ಅಲ್ಲ. ನನಗೆ ಅವರ ಮೇಲಿದ್ದ ಗೌರವ ಅದರಿಂದ ಹೆಚ್ಚಾಯಿತು.

ಯಾವುದರಿಂದ ನೋಡಲು ಶುರು ಮಾಡಲಿ? ಮನೆಯವರೆಲ್ಲ ಕೂತು ನೋಡಬಹುದಾ?

ಹಗುರವಾಗಿ ಶುರು ಮಾಡುವುದಾದರೆ ‘ಫೈಂಡಿಂಗ್ ಓಲಾ’. ಮೊದಲ ಸೀಸನ್ 6 ಕಂತು ಅಷ್ಟೇ. ಆಮೇಲೆ ‘ನೂರಾಳ ಕನಸು’ ನೋಡಿ. ಎರಡನ್ನೂ ಒಂದೇ ವಾರದಲ್ಲಿ ನೋಡಿದರೆ ಈ ನಟಿ ಎಲ್ಲಿಂದ ಎಲ್ಲಿಯವರೆಗೆ ಹೋಗಬಲ್ಲರು ಅಂತ ಗೊತ್ತಾಗುತ್ತದೆ. ‘ಅರಮನೆಯ ಮೌನಗಳು’ ನಿಧಾನಕ್ಕೆ ಸಾಗುವ ಸಿನಿಮಾ. ಅದನ್ನು ಫೋನ್ ಪಕ್ಕಕ್ಕಿಟ್ಟು, ಬಿಡುವಿರುವಾಗ ನೋಡಿ.

ಮಕ್ಕಳ ಜೊತೆ ನೋಡುವುದಾದರೆ ಹುಷಾರು. ‘ಯಾಕೂಬಿಯಾನ್ ಕಟ್ಟಡ’, ‘ಅರಮನೆಯ ಮೌನಗಳು’, ‘ನಾಲ್ವರು ಹೆಣ್ಣುಮಕ್ಕಳು’ ಮೂರರಲ್ಲೂ ಲೈಂಗಿಕ ಹಿಂಸೆಯ ವಿಷಯ ಬರುತ್ತದೆ. ‘ನೀಲಿ ಆನೆ’ ಹೆದರಿಸುತ್ತದೆ. ಕಾಲೇಜಿಗೆ ಹೋಗುವ ಮಗಳಿದ್ದರೆ ‘ನಾಲ್ವರು ಹೆಣ್ಣುಮಕ್ಕಳು’ ಜೊತೆಯಲ್ಲೇ ಕೂತು ನೋಡಿ. ಮುಗಿದ ಮೇಲೆ ಮಾತಾಡುವುದಕ್ಕೆ ಸ್ವಲ್ಪ ಸಮಯ ಇಟ್ಟುಕೊಳ್ಳಿ.